ಪ್ರಿಂಟರ್‌ಗೆ ಏನಾಯ್ತು ಅಂತ ಯಾರನ್ನ ಕೇಳೋದು?

ಒಂದು ಕಾಲಕ್ಕೆ ಯುನಿಕ್ಸ್ ಅಥವಾ ಲಿನಕ್ಸ್ ಯಂತ್ರದಿಂದ ಸಾದಾ ಪಠ್ಯದ ಫೈಲೊಂದನ್ನು ನೇರವಾಗಿ ಪ್ರಿಂಟರ್‌ಗೆ ಕಳಿಸಿದರೆ ಕಾಗದದ ಮೇಲೆ ಮೆಟ್ಟಿಲು ಮೂಡುತ್ತಿತ್ತು. ಮೊದಲ ಸಾಲು ಎಡ ಅಂಚಿನಿಂದ ಸರಿಯಾಗಿಯೇ ಶುರು. ಎರಡನೇ ಸಾಲು, ಮೊದಲನೆಯದು ಮುಗಿದ ಜಾಗದ ಕೆಳಗಿನಿಂದ. ಮೂರನೆಯದು ಇನ್ನೂ ಬಲಕ್ಕೆ. ನಾಲ್ಕನೆಯದು ಕಾಗದದ ಅಂಚು ದಾಟಿ ಕಣ್ಮರೆ. ಹೊಸಬರು ಕೇಬಲ್ ಅಲುಗಾಡಿಸುತ್ತಿದ್ದರು, ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದರು. ಕೇಬಲ್ ಪಾಪ ಸರಿಯಾಗೇ ಇರುತ್ತಿತ್ತು. ತಪ್ಪು ಅಂತ ಹೇಳಲೇಬೇಕಾದರೆ ಅದು 1960ರ ದಶಕದ್ದು.

ಆಗ ಕಂಪ್ಯೂಟರ್ ಜೊತೆ ಮಾತಾಡೋಕೆ ಬಳಸುತ್ತಿದ್ದದ್ದು ಟೆಲಿಟೈಪ್ ಯಂತ್ರ. 1963ರಲ್ಲಿ ಬಂದ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಸಾಲು ಮುಗಿದಾಗ ಅದಕ್ಕೆ ಎರಡು ಬೇರೆ ಬೇರೆ ಅಪ್ಪಣೆ ಕೊಡಬೇಕಿತ್ತು. ಅಚ್ಚೊತ್ತುವ ತಲೆಯನ್ನು ಎಡಕ್ಕೆ ವಾಪಸ್ ತಾ ಅನ್ನೋದು ಒಂದು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸು ಅನ್ನೋದು ಇನ್ನೊಂದು. (ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿದ್ದ ನಿಮ್ಮ ಅಮ್ಮನನ್ನೋ ಚಿಕ್ಕಪ್ಪನನ್ನೋ ಕೇಳಿ, ಅವರ ಟೈಪ್‌ರೈಟರಿನಲ್ಲಿ ಎಡಗೈಯಿಂದ ಲಿವರ್ ಎಳೆದರೆ ಎರಡೂ ಒಟ್ಟಿಗೇ ಆಗೋದು.) ಮಲ್ಟಿಕ್ಸ್ ಅನ್ನುವ ಕಾರ್ಯಾಚರಣ ವ್ಯವಸ್ಥೆ ಕಟ್ಟಿದವರು, ಫೈಲಿನೊಳಗೆ ಎರಡೆರಡು ಗುರುತು ಯಾಕೆ, ‘ಹೊಸ ಸಾಲು’ ಅಂತ ಒಂದೇ ಇರಲಿ, ಯಾವ ಯಂತ್ರಕ್ಕೆ ಏನು ಬೇಕೋ ಅದನ್ನು ಅದರ ಡ್ರೈವರ್ ಸೇರಿಸಿಕೊಳ್ಳಲಿ ಅಂತ ತೀರ್ಮಾನಿಸಿದರು. ಯುನಿಕ್ಸ್ ಅದನ್ನೇ ಒಪ್ಪಿಕೊಂಡಿತು. ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಡಾಸ್ ಲೋಕಕ್ಕೆ ಹೊಂದಿಕೊಂಡ ಪ್ರಿಂಟರ್‌ಗೆ ಯುನಿಕ್ಸ್ ಫೈಲ್ ಹೋದಾಗ ಕಾಗದ ಮೇಲಕ್ಕೆ ಸರಿಯುತ್ತೆ, ಆದರೆ ಎಡಕ್ಕೆ ಬಾ ಅಂತ ಯಾರೂ ಹೇಳಿರಲ್ಲ. ಅದಕ್ಕೇ ಮೆಟ್ಟಿಲು. ಪರಿಹಾರಕ್ಕೆ ‘ಯುನಿಕ್ಸ್‌ಟುಡಾಸ್’ ಅನ್ನೋ ಒಂದು ಪುಟ್ಟ ಕಮಾಂಡ್ ಸಾಕು.

ಕಮಾಂಡ್ ಲೈನಿನಲ್ಲಿ ಮುದ್ರಣದ ತೊಂದರೆ ಹುಡುಕೋದು ಅಂದ್ರೆ ಬಹುಪಾಲು ಹೀಗೆ ಹಿಂದಕ್ಕೆ ನಡೆಯೋದು. ಎಲ್ಲೋ ಒಬ್ಬರು ಒಳ್ಳೆಯ ಕಾರಣಕ್ಕೇ ಮಾಡಿದ ತೀರ್ಮಾನ ನಲವತ್ತು ಐವತ್ತು ವರ್ಷ ಆದ್ಮೇಲೆ ನಮ್ಮ ಕಾಗದದ ಮೇಲೆ ಬಂದು ಕೂತಿರುತ್ತೆ.

ಯುನಿಕ್ಸ್‌ಗೂ ಕಾಗದಕ್ಕೂ ಇರುವ ನಂಟು ಹುಟ್ಟಿನಿಂದಲೇ ಬಂದದ್ದು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರಿಗೆ ಹೊಸ ಪಿಡಿಪಿ-11 ಯಂತ್ರ ಬೇಕಿತ್ತು. ಕಾರ್ಯಾಚರಣ ವ್ಯವಸ್ಥೆ ಬರೀತೀವಿ ಅಂದ್ರೆ ಮೇಲಿನವರು ದುಡ್ಡು ಕೊಡುವ ಹಾಗಿರಲಿಲ್ಲ. ದಾಖಲೆಗಳನ್ನು ಸಿದ್ಧಪಡಿಸುವ ವ್ಯವಸ್ಥೆ ಅಂದಾಗ ಕೊಟ್ಟರು. 1971ರ ಕೊನೆಯ ಹೊತ್ತಿಗೆ ಕಂಪನಿಯ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟ್‌ಗಳು ಆ ಯಂತ್ರದಲ್ಲಿ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು, ಪಕ್ಕದಲ್ಲೇ ಯುನಿಕ್ಸ್ ಬೆಳೆಯುತ್ತಿತ್ತು. ಪುಟ ಜೋಡಿಸುತ್ತಿದ್ದ ಪ್ರೋಗ್ರಾಮಿನ ಹೆಸರು ‘ರಾಫ್’. ಮುಂದೆ ಜೋ ಒಸ್ಸಾನ ಅದನ್ನು ‘ಟ್ರಾಫ್’ ಆಗಿ ಬೆಳೆಸಿದರು, ಆದರೆ ಒಂದೇ ಒಂದು ಫೋಟೋಟೈಪ್‌ಸೆಟರ್ ಯಂತ್ರವನ್ನು ಕಣ್ಣ ಮುಂದೆ ಇಟ್ಟುಕೊಂಡು. 1977ರಲ್ಲಿ ಅವರು ತೀರಿಕೊಂಡ ಮೇಲೆ ಬ್ರಯನ್ ಕರ್ನಿಘನ್ ಅದನ್ನು ಯಾವ ಯಂತ್ರಕ್ಕೂ ಹೊಂದುವ ಹಾಗೆ ತಿದ್ದಿ ಬರೆಯಬೇಕಾಯಿತು. ಇವತ್ತಿಗೂ ನೀವು ‘ಮ್ಯಾನ್’ ಅಂತ ಟೈಪ್ ಮಾಡಿ ಕೈಪಿಡಿ ಓದಿದಾಗ ಪುಟ ಜೋಡಿಸೋದು ಇದೇ ವಂಶದ ಪ್ರೋಗ್ರಾಮು.

ತಿದ್ದಿ ಬರೆಯೋಕೆ ಮೂಲ ಕೋಡ್ ಕೈಯಲ್ಲಿರಬೇಕು ಅನ್ನೋದು ಆಗ ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರಿನ ಸಾಫ್ಟ್‌ವೇರ್ ತಿದ್ದಿದ್ದರು. ಕಾಗದ ಸಿಕ್ಕಿಕೊಂಡರೆ, ಕಾಯುತ್ತಿರುವ ಎಲ್ಲರ ಪರದೆಗೂ ಸುದ್ದಿ ಹೋಗುತ್ತಿತ್ತು. ಯಾರಾದರೂ ಒಬ್ಬರು ಎದ್ದು ಹೋಗಿ ಸರಿಮಾಡುತ್ತಿದ್ದರು. ಆಮೇಲೆ ಜೆರಾಕ್ಸ್ ಕಂಪನಿ ಹೊಸ ಲೇಸರ್ ಪ್ರಿಂಟರ್ ಕೊಟ್ಟಿತು, ಮೂಲ ಕೋಡ್ ಕೊಡಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರನ್ನು ಕೇಳಿದರೆ, ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂದರು. ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. ಕಾಗದ ಸಿಕ್ಕಿಕೊಂಡಿದ್ದರಿಂದಲೇ ಮುಕ್ತ ತಂತ್ರಾಂಶ ಹುಟ್ಟಿತು ಅಂದ್ರೆ ಕತೆ ಸ್ವಲ್ಪ ಜಾಸ್ತಿಯೇ ಚೆಂದ ಆಯ್ತು. ಆದರೆ ರಿಪೇರಿ ಮಾಡುವ ಹಕ್ಕು ಯಾರದ್ದು ಅನ್ನೋ ಪ್ರಶ್ನೆ ಪ್ರಿಂಟರ್ ಪಕ್ಕದಲ್ಲೇ ಎದ್ದದ್ದು ನಿಜ.

ಅಷ್ಟರಲ್ಲಿ ಪ್ರಿಂಟರ್ ಅನ್ನೋದೇ ಬೇರೆ ವಸ್ತುವಾಯಿತು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ 1982ರಲ್ಲಿ ಅಡೋಬಿ ಶುರುಮಾಡಿ ಪೋಸ್ಟ್‌ಸ್ಕ್ರಿಪ್ಟ್ ತಂದರು. 1985ರಲ್ಲಿ ಅದನ್ನು ಹೊತ್ತು ಬಂದ ಆಪಲ್ ಲೇಸರ್‌ರೈಟರಿನ ಬೆಲೆ 6,995 ಡಾಲರ್. ಅದರೊಳಗಿದ್ದ ಪ್ರೊಸೆಸರ್, ಮೇಜಿನ ಮೇಲಿದ್ದ ಮ್ಯಾಕಿಂಟಾಷ್‌ನದ್ದಕ್ಕಿಂತ ವೇಗದ್ದು. ಯಾಕಂದ್ರೆ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಬರೀ ಪಠ್ಯ ಅಲ್ಲ, ಅದೊಂದು ಪ್ರೋಗ್ರಾಮು. ಪ್ರಿಂಟರ್ ಅದನ್ನು ಓಡಿಸಿ, ಪುಟ ಹೇಗೆ ಕಾಣಬೇಕು ಅಂತ ಲೆಕ್ಕ ಹಾಕಿ, ಆಮೇಲೆ ಅಚ್ಚೊತ್ತುತ್ತೆ. ಪ್ರೋಗ್ರಾಮ್ ಅಂದ ಮೇಲೆ ಅದು ಕೆಟ್ಟು ನಿಲ್ಲಬಹುದು, ಕೊನೆಯಿಲ್ಲದೆ ಸುತ್ತಬಹುದು. ‘ಆಫೆಂಡಿಂಗ್ ಕಮಾಂಡ್’ ಅಂತ ಒಂದೇ ಸಾಲು ಹೊತ್ತ ಕಾಗದ ಹೊರಗೆ ಬಂದರೆ, ಅದು ಪ್ರಿಂಟರ್ ತನ್ನದೇ ಭಾಷೆಯಲ್ಲಿ ದೂರು ಕೊಟ್ಟಿದ್ದು.

ಅದಕ್ಕಿಂತ ಕುಖ್ಯಾತವಾದ ಅವಾಂತರ ಇನ್ನೊಂದಿದೆ. ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಶುರುವಾಗೋದು ಶೇಕಡಾ ಚಿಹ್ನೆ ಮತ್ತು ಆಶ್ಚರ್ಯಸೂಚಕದಿಂದ. ಮುದ್ರಣದ ಸರದಿ ನೋಡಿಕೊಳ್ಳುವ ಪ್ರೋಗ್ರಾಮು ಆ ಎರಡು ಗುರುತು ಕಂಡರೆ ‘ಓ, ಇದು ಪೋಸ್ಟ್‌ಸ್ಕ್ರಿಪ್ಟ್’ ಅನ್ನುತ್ತೆ, ಇಲ್ಲದಿದ್ದರೆ ಸಾದಾ ಪಠ್ಯ ಅಂದುಕೊಳ್ಳುತ್ತೆ. ವಿಂಡೋಸ್ ಡ್ರೈವರ್‌ಗಳು ಅದಕ್ಕೂ ಮುಂಚೆ ‘ಕಂಟ್ರೋಲ್-ಡಿ’ ಅನ್ನುವ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತಿದ್ದವು. ಅಷ್ಟು ಸಾಕಿತ್ತು. ಎರಡು ಪುಟದ ಪತ್ರ ಬರಬೇಕಾದ ಕಡೆ ಆ ಪ್ರೋಗ್ರಾಮಿನ ಕೋಡೇ ಪುಟಗಟ್ಟಲೆ ಅಚ್ಚಾಗಿ ಹೊರಗೆ ಬರುತ್ತಿತ್ತು. ನೋಡಿದವರು ಪ್ರಿಂಟರ್‌ಗೆ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಿದ್ದರು. ಸರಿಮಾಡೋಕೆ ಬೇಕಾಗಿದ್ದದ್ದು ಫೈಲಿನ ಮೊದಲ ಬೈಟ್ ಏನು ಅಂತ ನೋಡುವ ತಾಳ್ಮೆ.

ಎಲ್ಲರಿಗೂ ಲೇಸರ್‌ರೈಟರ್ ಕೊಳ್ಳೋಕೆ ಆಗಲ್ಲವಲ್ಲ. 1988ರಲ್ಲಿ ಎಲ್. ಪೀಟರ್ ಡಾಯ್ಚ್ ಗೋಸ್ಟ್‌ಸ್ಕ್ರಿಪ್ಟ್ ಬಿಡುಗಡೆ ಮಾಡಿದರು. ಪ್ರಿಂಟರಿನೊಳಗೆ ನಡೆಯಬೇಕಾದ ಲೆಕ್ಕಾಚಾರವನ್ನು ಅದು ಕಂಪ್ಯೂಟರಿನಲ್ಲೇ ಮುಗಿಸಿ, ಅಗ್ಗದ ಪ್ರಿಂಟರ್‌ಗೆ ಬರೀ ಚುಕ್ಕೆಗಳನ್ನು ಕಳಿಸುತ್ತೆ. ಇವತ್ತು ನೀವು ‘ಪಿಎಸ್‌ಟುಪಿಡಿಎಫ್’ ಅಂತ ಹೊಡೆದರೂ ಒಳಗೆ ದುಡಿಯೋದು ಅದೇ.

1993ರಲ್ಲಿ ಬಂದ ಪಿಡಿಎಫ್ ಒಂದು ರೀತಿಯಲ್ಲಿ ಪೋಸ್ಟ್‌ಸ್ಕ್ರಿಪ್ಟನ್ನು ಓಡಿಸಿ ಬಂದ ಫಲಿತಾಂಶ. ಸುತ್ತುವ ಕೋಡ್ ಇಲ್ಲ, ಲೆಕ್ಕಾಚಾರ ಇಲ್ಲ. ಈ ಆಕಾರವನ್ನು ಈ ಜಾಗದಲ್ಲಿ ಇಡು ಅನ್ನುವ ಪಟ್ಟಿ ಅಷ್ಟೇ. ಎಲ್ಲಿ ತೆರೆದರೂ ಒಂದೇ ಥರ ಕಾಣುತ್ತೆ, ಮೂರನೇ ಪುಟ ಬೇಕು ಅಂದ್ರೆ ನೇರ ಮೂರನೇ ಪುಟಕ್ಕೇ ಹೋಗಬಹುದು. ಆದರೆ ಈ ಚೆಂದಕ್ಕೆ ಒಂದು ಬೆಲೆ ಇತ್ತು. ಆ ಆಕಾರ ಯಾವ ಅಕ್ಷರ ಅನ್ನೋದು ಪಿಡಿಎಫ್‌ಗೆ ಗೊತ್ತಿರಲೇಬೇಕು ಅಂತೇನಿಲ್ಲ. ಆಕಾರದಿಂದ ಅಕ್ಷರಕ್ಕೆ ದಾರಿ ತೋರಿಸುವ ಕೋಷ್ಟಕ, ‘ಟುಯುನಿಕೋಡ್’ ಅಂತಾರೆ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಪ್ರಿಂಟ್ ಮಾತ್ರ ಎರಡು ಸಂದರ್ಭದಲ್ಲೂ ಮುತ್ತಿನಂತೆ ಬರುತ್ತೆ.

ಮುದ್ರಣದ ಸರದಿ ನೋಡಿಕೊಳ್ಳುವ ಕೆಲಸ 1999ರಿಂದ ನಿಧಾನಕ್ಕೆ ಮೈಕಲ್ ಸ್ವೀಟ್ ಬರೆದ ‘ಕಪ್ಸ್’ ಕೈಗೆ ಬಂತು. ಇದರಲ್ಲೂ ಚರಿತ್ರೆಯ ಜಗಳವೊಂದು ಹಾಗೇ ಉಳಿದಿದೆ. ಬರ್ಕ್‌ಲಿಯ ಯುನಿಕ್ಸ್‌ನಲ್ಲಿ ಮುದ್ರಿಸೋಕೆ ‘ಎಲ್‌ಪಿಆರ್’, ಸರದಿ ನೋಡೋಕೆ ‘ಎಲ್‌ಪಿಕ್ಯೂ’. ಎಟಿ ಅಂಡ್ ಟಿಯವರ ಸಿಸ್ಟಮ್ ಫೈವ್‌ನಲ್ಲಿ ‘ಎಲ್‌ಪಿ’ ಮತ್ತು ‘ಎಲ್‌ಪಿಸ್ಟ್ಯಾಟ್’. ಕಪ್ಸ್ ಯಾರ ಮನಸ್ಸೂ ನೋಯಿಸದೆ ಎರಡೂ ಮನೆಯ ಕಮಾಂಡ್‌ಗಳನ್ನು ಇಟ್ಟುಕೊಂಡಿತು. ಎಲ್ಲದರಲ್ಲೂ ಇರುವ ‘ಎಲ್‌ಪಿ’ ಅಂದ್ರೆ ಲೈನ್ ಪ್ರಿಂಟರ್, ಒಂದೊಂದು ಸಾಲನ್ನೇ ಹೊಡೆಯುತ್ತಿದ್ದ ಹಳೇ ಯಂತ್ರ. ಪ್ರಿಂಟರ್ ‘ದೋಷ ಇದೆ’ ಅಂತ ಹೇಳಿ, ಕಾಗದ ಮುಗಿದಿದೆ ಅಂತಲೂ ಹೇಳದೆ, ಆಫ್‌ಲೈನ್ ಅಂತಲೂ ಹೇಳದೆ ಇದ್ದಾಗ ಲಿನಕ್ಸ್ ಕರ್ನಲ್ ‘ಎಲ್‌ಪಿ0 ಆನ್ ಫೈರ್’, ಅಂದ್ರೆ ಪ್ರಿಂಟರ್‌ಗೆ ಬೆಂಕಿ ಬಿದ್ದಿದೆ, ಅಂತ ಬರೆಯುತ್ತಿದ್ದದ್ದೂ ಇದೇ ಪರಂಪರೆ. ಇವತ್ತು ಕಮಾಂಡ್ ಕೊಟ್ಟರೂ ಪ್ರಿಂಟರ್ ಸುಮ್ಮನಿದ್ದರೆ ಮೊದಲು ‘ಎಲ್‌ಪಿಸ್ಟ್ಯಾಟ್ -ಪಿ’ ಹೊಡೆದು ನೋಡಿ. ಯಾವತ್ತೋ ಕೇಬಲ್ ಕಿತ್ತಾಗ ಕಪ್ಸ್ ಸರದಿಯನ್ನು ನಿಲ್ಲಿಸಿಬಿಟ್ಟಿರುತ್ತೆ, ಕೇಬಲ್ ವಾಪಸ್ ಸಿಕ್ಕಿಸಿದರೂ ಅದು ತಾನಾಗೇ ಏಳಲ್ಲ. ‘ಕಪ್ಸ್‌ಎನೇಬಲ್’ ಅಂತ ಎಬ್ಬಿಸಬೇಕು. ಬರೀ ‘ಫಿಲ್ಟರ್ ಫೇಲ್ಡ್’ ಅಂತ ಬಂದರೆ ಅದರಿಂದ ಏನೂ ಗೊತ್ತಾಗಲ್ಲ. ನಿಜ ಸಂಗತಿ ಎರರ್ ಲಾಗ್‌ನಲ್ಲಿ ಇರುತ್ತೆ.

ಇಷ್ಟೂ ಚರಿತ್ರೆ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡದ ಫೈಲ್ ಈ ದಾರಿಗೆ ಬಂದಾಗ ಪ್ರತಿ ತಿರುವಿನಲ್ಲೂ ಸುಂಕ ಕಟ್ಟಬೇಕಾಗುತ್ತೆ.

‘ಎ2ಪಿಎಸ್’ ಅನ್ನೋದು ಪಠ್ಯವನ್ನು ಪೋಸ್ಟ್‌ಸ್ಕ್ರಿಪ್ಟ್ ಮಾಡುವ ಹಳೆಯ, ಒಳ್ಳೆಯ ಸಲಕರಣೆ. ಅದರ ಲೆಕ್ಕದಲ್ಲಿ ಒಂದು ಬೈಟ್ ಅಂದ್ರೆ ಒಂದು ಅಕ್ಷರ. ‘ಕನ್ನಡ’ ಅನ್ನುವ ಪದದಲ್ಲಿ ಯುನಿಕೋಡ್ ಪ್ರಕಾರ ಐದು ಸಂಕೇತ (ಕ, ನ, ವಿರಾಮ, ನ, ಡ), ಯುಟಿಎಫ್-8ರಲ್ಲಿ ತಲಾ ಮೂರು ಬೈಟ್, ಒಟ್ಟು 15. ಹಾಗಾಗಿ ಪುಟದ ತುಂಬ ತಲೆ ಮೇಲೆ ಗೀಟಿರುವ ‘ಎ’ಗಳ ಮೆರವಣಿಗೆ. ‘ಪ್ಯಾಂಗೊ’ ಬಳಸುವ ‘ಪ್ಯಾಪ್ಸ್’ ಇದ್ದರೆ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತೆ. ‘ಪ್ಯಾಂಡಾಕ್’ನದು ಇನ್ನೊಂದು ಕತೆ. ಅದು ಪಿಡಿಎಫ್ ಮಾಡೋಕೆ ಸಾಮಾನ್ಯವಾಗಿ ಕರೆಯುವ ಪಿಡಿಎಫ್‌ಲಾಟೆಕ್ ಕನ್ನಡ ಕಂಡ ತಕ್ಷಣ ಬೈದು ನಿಲ್ಲುತ್ತೆ. ‘ಝೀಟೆಕ್’ ಬಳಸು ಅಂತ ಹೇಳಿ, ಫಾಂಟ್ ಹೆಸರು ಕೊಡೋದು ಮರೆತರೆ ಕೆಲಸ ಮುಗಿಯಿತು ಅನ್ನುತ್ತೆ, ಪುಟ ಖಾಲಿ ಇರುತ್ತೆ. ಬೈದು ನಿಲ್ಲೋದೇ ಎಷ್ಟೋ ವಾಸಿ. ಸರ್ವರ್‌ನಲ್ಲಿ ಲಿಬ್ರೆಆಫೀಸ್ ಬಳಸಿ ಪಿಡಿಎಫ್ ಮಾಡುವಾಗ ಅಕ್ಷರದ ಬದಲು ಬರೀ ಚೌಕಗಳು ಬಂದರೆ ಅಲ್ಲಿ ಕನ್ನಡ ಫಾಂಟೇ ಇಲ್ಲ ಅಂತ ಅರ್ಥ. ‘ಎಫ್‌ಸಿ-ಲಿಸ್ಟ್’ಗೆ ಕನ್ನಡದ ಸಂಕೇತ ‘ಕೆಎನ್’ ಕೊಟ್ಟು ಕೇಳಿದರೆ ಅದು ಒಪ್ಪಿಕೊಳ್ಳುತ್ತೆ.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು, ಸರಿಮಾಡಬಹುದು. ಕಾಣದೇ ಇರುವುದು ನಿಜವಾದ ನಷ್ಟ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು, ಆದರೆ ನಮ್ಮ ಕಂಪ್ಯೂಟರ್‌ಗಳಲ್ಲಿ ಅದು ಕೆಲಸಕ್ಕೆ ಬರೋಕೆ ವರ್ಷಗಳೇ ಹಿಡಿದವು. ಆ ನಡುವೆ ನಮ್ಮ ಕೈಹಿಡಿದದ್ದು ಬರಹ, ನುಡಿ ಥರದ ತಂತ್ರಾಂಶಗಳು. ಅವು ಇಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಅವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿಯಲ್ಲಿ ಬರೆದ ‘ಕನ್ನಡ’ ಪದದ ಪಿಡಿಎಫನ್ನು ‘ಪಿಡಿಎಫ್‌ಟುಟೆಕ್ಸ್ಟ್’ಗೆ ಕೊಟ್ಟರೆ ಹೊರಗೆ ಬರೋದು ಇಂಗ್ಲಿಷಿನ ದೊಡ್ಡ ‘ಪಿ’, ಗೀಟಿನ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ‘ಎ’, ಜರ್ಮನ್ನಿನ ಒಂದು ಅಕ್ಷರ, ‘ಕ್ಯೂ’, ಕೊನೆಗೆ ಇನ್ನೊಂದು ಗೀಟಿನ ‘ಎ’. ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ. ಆದರೆ ಆ ಕಡತದಲ್ಲಿ ನಿಮ್ಮ ಊರಿನ ಹೆಸರೋ ಸರ್ವೆ ನಂಬರಿನ ಪಕ್ಕದಲ್ಲಿರುವ ಅಜ್ಜನ ಹೆಸರೋ ಇದೆಯಾ ಅಂತ ಹುಡುಕಿದರೆ ಇಲ್ಲ ಅಂತ ಉತ್ತರ ಬರುತ್ತೆ, ಹೆಸರು ಕಣ್ಣೆದುರಿಗೇ ಇದ್ದರೂ.

ಯುನಿಕೋಡ್ ಫಾಂಟಿನಲ್ಲೇ ಮಾಡಿದ ಪಿಡಿಎಫ್ ಕೂಡ ಯಾವಾಗಲೂ ವಾಸಿ ಅಲ್ಲ. ‘ಸೂರ್ಯ’ ಬರೆಯುವಾಗ ರಕಾರ ಮೊದಲು, ಯಕಾರ ಆಮೇಲೆ. ಕಣ್ಣಿಗೆ ಮಾತ್ರ ಯಕಾರ ಮುಂದೆ, ಅರ್ಕಾವೊತ್ತು ಹಿಂದೆ. ಪಿಡಿಎಫ್ ಕಾಣುವ ಕ್ರಮವನ್ನೇ ಇಟ್ಟುಕೊಂಡಿರುತ್ತೆ, ಹೊರತೆಗೆದರೆ ಪದ ಮುರಿದಿರುತ್ತೆ. ತಮಾಷೆ ಏನಂದ್ರೆ, ಹಳೆಯ ನುಡಿ ಫೈಲಿನ ಗೊಂದಲ ಎಲ್ಲ ಕಡೆ ಒಂದೇ ಥರ ಇರೋದರಿಂದ ಅದನ್ನು ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಬಹುದು. ಕೋಷ್ಟಕವೇ ಇಲ್ಲದ ಪಿಡಿಎಫ್‌ಗೆ ಆ ದಾರಿಯೂ ಇಲ್ಲ.

ಹಾಗಾಗಿ ಕನ್ನಡದ ಪಿಡಿಎಫ್ ಕೈಗೆ ಬಂದರೆ ನಾನು ಮೊದಲು ಹೊಡೆಯೋದು ‘ಪಿಡಿಎಫ್‌ಫಾಂಟ್ಸ್’. ಯಾವ ಫಾಂಟ್, ಒಳಗೇ ಸೇರಿದೆಯಾ, ಕೊನೆಗೆ ‘ಯುಎನ್‌ಐ’ ಅನ್ನುವ ಕಾಲಮ್ಮಿನಲ್ಲಿ ಏನಿದೆ ಅಂತ ಸಾಲಾಗಿ ಹೇಳುತ್ತೆ. ಅಲ್ಲಿ ‘ನೋ’ ಅಂತಿದ್ದರೆ ಎಷ್ಟೋ ಸಲ ಉಳಿಯೋದು ಒಂದೇ: ಪುಟವನ್ನು ಚಿತ್ರ ಮಾಡಿ ‘ಟೆಸರಾಕ್ಟ್’ಗೆ ಓದಿಸೋದು. ಯಾರೋ ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದದ್ದನ್ನು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಥರ, ಯಂತ್ರ ಮತ್ತೆ ಕಣ್ಣಾಡಿಸಿ ಊಹಿಸುತ್ತೆ. ಪ, ಫ, ಷ, ಘ ಬಂದ ಕಡೆಯೆಲ್ಲ ಪಕ್ಕದಲ್ಲಿ ಒಬ್ಬರು ಕನ್ನಡ ಬಲ್ಲವರು ಕೂತು ತಿದ್ದಬೇಕು.