ಜಮೀನಿನ ಮರುಖರೀದಿ ಹಕ್ಕು

ಮಾರಿದ ಜಮೀನನ್ನು ಗೊತ್ತುಪಡಿಸಿದ ಅವಧಿಯೊಳಗೆ, ಒಪ್ಪಿದ ಬೆಲೆಗೆ ತಿರುಗಿ ಕೊಳ್ಳಲು ಮಾರಿದವರು ಉಳಿಸಿಕೊಂಡ ಹಕ್ಕು. ಇಂಥ ಮಾರಾಟವನ್ನು ಕನ್ನಡದಲ್ಲಿ ಶರತ್ತಿನ ಕ್ರಯ ಎನ್ನುತ್ತಾರೆ. ಮುಸ್ಲಿಂ ನ್ಯಾಯಪರಂಪರೆಯಲ್ಲಿ ಅದರ ಹೆಸರು ‘ಬೈ-ಬಿಲ್-ವಫಾ’. ವಫಾ ಎಂದರೆ ಕೊಟ್ಟ ಮಾತಿಗೆ ನಿಷ್ಠೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಉರ್ದು ದಫ್ತರದ ಇಂಥ ಪದಗಳು ಪರಿಚಿತ. ಕೊಂಡವನು ಮಾತು ಮರೆತು ಜಮೀನನ್ನು ಮೂರನೆಯವನಿಗೆ ಮಾರಿಬಿಟ್ಟರೆ ಏನಾಗುತ್ತದೆ ಎಂಬುದೇ ಈ ಹಕ್ಕಿನ ನಿಜವಾದ ಪರೀಕ್ಷೆ. ಆಗ ಹಕ್ಕನ್ನು ಉಳಿಸುವುದು ಮೂರನೆಯವನಿಗೆ ಇದ್ದ ತಿಳಿವಳಿಕೆ.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಪ್ರಕರಣದಂತೆ ಮಾರಾಟದ ಕರಾರು ಜಮೀನಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ. ಆದರೂ 40ನೇ ಪ್ರಕರಣ ಒಡೆತನಕ್ಕೆ ಅಂಟಿಕೊಂಡ ಹೊಣೆಯನ್ನು ಮಾನ್ಯ ಮಾಡುತ್ತದೆ: ವಿಷಯ ತಿಳಿದೂ ಕೊಂಡವನು, ಬಿಟ್ಟಿಯಾಗಿ ಪಡೆದವನು ಆ ಹೊಣೆಗೆ ಒಳಪಡುತ್ತಾರೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 19ನೇ ಪ್ರಕರಣವೂ ಪ್ರಾಮಾಣಿಕವಾಗಿ, ಹಣ ಕೊಟ್ಟು, ಕರಾರಿನ ಸುಳಿವಿಲ್ಲದೆ ಕೊಂಡವನಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಅದನ್ನು ರುಜುವಾತುಪಡಿಸುವ ಭಾರವೂ ಅವನದೇ. ನೋಂದಾಯಿತ ಕ್ರಯಪತ್ರದಲ್ಲೇ ಶರತ್ತು ಬರೆದಿದ್ದರೆ ‘ನಾನು ಓದಲಿಲ್ಲ’ ಎಂಬ ಮಾತು ನಡೆಯದು. ಮಾರಿದವನೇ ಹೊಲ ಉಳುತ್ತಿದ್ದರೆ ಆ ಸ್ವಾಧೀನವೂ ತಿಳಿವಳಿಕೆಗೆ ಸಮ. ಹಕ್ಕು ಸಾಬೀತಾದಾಗ ಮೊದಲ ಖರೀದಿದಾರನ ಜೊತೆಗೆ ಈಗಿನ ಒಡೆಯನೂ ಪತ್ರಕ್ಕೆ ಸಹಿ ಹಾಕಬೇಕೆಂಬ ಡಿಕ್ರಿಯ ಮಾದರಿಯನ್ನು ಸುಪ್ರೀಂ ಕೋರ್ಟ್ 1953ರ ದುರ್ಗಾಪ್ರಸಾದ್ ಪ್ರಕರಣದಲ್ಲಿ ಎತ್ತಿಹಿಡಿಯಿತು.

ಇಂಥ ಶರತ್ತು ಜಮೀನಿನ ಕೈಗೆ ಎಂದೆಂದಿಗೂ ಕೋಳ ತೊಡಿಸುತ್ತದೆ ಎಂಬ ಆಕ್ಷೇಪವಿದೆ. ಆದರೆ ಬರಿಯ ಕರಾರು ಭೂಮಿಯಲ್ಲಿ ಹಿತಾಸಕ್ತಿ ಹುಟ್ಟಿಸದ ಕಾರಣ ಶಾಶ್ವತತೆಯ ನಿಷೇಧ ಅದಕ್ಕೆ ತಗಲದು ಎಂದು 1966ರ ರಾಂಬರನ್ ಪ್ರಸಾದ್ ತೀರ್ಪು ಹೇಳಿತು. ಅಲ್ಲದೆ ಗಡುವಿನ ವಿಷಯದಲ್ಲಿ ನ್ಯಾಯಾಲಯಗಳು ಕಟ್ಟುನಿಟ್ಟು: ಅವಧಿ ಮೀರಿದರೆ ಹಕ್ಕು ಹೋಯಿತು. ದಾವೆ ಹೂಡಲು ಇರುವುದೂ ಮೂರೇ ವರ್ಷ. ಇದು ಸಾಲಗಾರನ ಅಡಮಾನಕ್ಕೆ ತೊಡಿಸಿದ ಮುಖವಾಡ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬೆಲೆ ತೀರ ಕಡಿಮೆಯಿದ್ದು ಸ್ವಾಧೀನ ಮಾರಿದವನಲ್ಲೇ ಉಳಿದಿದ್ದರೆ ನ್ಯಾಯಾಲಯ ಅದನ್ನು ಅಡಮಾನವೆಂದೇ ಪರಿಗಣಿಸಬಹುದು. ಆಗ ಬಿಡಿಸಿಕೊಳ್ಳಲು 30 ವರ್ಷಗಳ ಕಾಲಾವಕಾಶ. ಆದರೆ 1929ರ ತಿದ್ದುಪಡಿಯ ಪ್ರಕಾರ ಶರತ್ತು ಅದೇ ಕ್ರಯಪತ್ರದಲ್ಲಿಲ್ಲದಿದ್ದರೆ ಶರತ್ತಿನ ಕ್ರಯದ ಅಡಮಾನವೆಂದು ವಾದಿಸುವ ದಾರಿ ಮುಚ್ಚುತ್ತದೆ.

ಹೀಗಾಗಿ ಮರುಖರೀದಿ, ಅಡಮಾನ ಎಂಬ ಎರಡೂ ದಾರಿ ಬಂದು ಸೇರುವುದು ಕ್ರಯಪತ್ರದ ಒಂದು ಸಾಲಿಗೆ. ಹೈದರಾಬಾದಿನ ಸುತ್ತಲಿನ ತೆಲಂಗಾಣದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಅಲ್ಲಿ ಬಿಳಿ ಹಾಳೆಯ ಮೇಲೆ ಬರೆದು, ನೋಂದಣಿ ಮಾಡಿಸದೆ ಜಮೀನು ಮಾರುವ ‘ಸಾದಾ ಬೈನಾಮಾ’ಗಳು ಎಷ್ಟು ಹಬ್ಬಿವೆಯೆಂದರೆ ಅವನ್ನು ಸಕ್ರಮಗೊಳಿಸಲು ಸರ್ಕಾರವೇ ಅರ್ಜಿ ಕರೆಯಬೇಕಾಯಿತು. ಮರುಖರೀದಿಯ ಶರತ್ತು ಅಂಥ ಹಾಳೆಯಲ್ಲಿದ್ದರೆ ಋಣಭಾರ ಪ್ರಮಾಣಪತ್ರದಲ್ಲಿ ಅದು ಕಾಣುವುದೇ ಇಲ್ಲ. ಪ್ರಾಮಾಣಿಕ ಖರೀದಿದಾರ ಗೆಲ್ಲುತ್ತಾನೆ, ಕಷ್ಟಕಾಲದಲ್ಲಿ ಮಾರಿದ ರೈತ ಸೋಲುತ್ತಾನೆ. ಹಕ್ಕನ್ನು ನೋಂದಾಯಿತ ಪತ್ರದೊಳಗೇ, ಬೆಲೆ ಮತ್ತು ಗಡುವಿನ ದಿನಾಂಕದೊಡನೆ ಬರೆಸುವುದೊಂದೇ ‘ವಫಾ’ ಎಂಬ ಆ ನಿಷ್ಠೆಗೆ ಇರುವ ಗಟ್ಟಿ ಆಧಾರ.