ಪಟ್ಟಿಗೆ ಸೇರದ ಕಾಡು

2012ನೆಯ ಇಸವಿಯ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಿಂದ ಚಿನ್ನದ ಅಂಬಾರಿಯನ್ನು ಹೊತ್ತು ಹೊರಟವನು ಅರ್ಜುನ. ಅಲ್ಲಿಯವರೆಗೆ ಬಲರಾಮನ ಬೆನ್ನಿನ ಮೇಲಿದ್ದ ಆ 750 ಕಿಲೋ ಭಾರ ಆ ವರ್ಷ ಅವನ ಪಾಲಿಗೆ ಬಂತು. ಅದೇ ವರ್ಷ ಜುಲೈ ತಿಂಗಳಲ್ಲಿ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಸೇರಿದ್ದ ಯುನೆಸ್ಕೋ ಸಮಿತಿಯು ನಮ್ಮ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವುದು ಇಡೀ ಘಟ್ಟಸಾಲಲ್ಲ, ಅದರೊಳಗಿನ 39 ಅರಣ್ಯಗಳು. ಅವುಗಳಲ್ಲಿ 10 ಕರ್ನಾಟಕದವು. ಅರ್ಜುನನು ಸೆರೆಸಿಕ್ಕ ಕಾಕನಕೋಟೆಯಾಗಲಿ, ಅದನ್ನು ಒಳಗೊಂಡ ನಾಗರಹೊಳೆಯಾಗಲಿ, ನೆರೆಯ ಬಂಡೀಪುರವಾಗಲಿ ಆ ಹತ್ತರಲ್ಲಿ ಇಲ್ಲ.

ಕಾಡು ಎಂದೊಡನೆ ಮೈಸೂರಿಗರ ಬಾಯಿಗೆ ಬರುವ ಹೆಸರುಗಳೇ ಇವೆರಡು. ಅವು ಇಲ್ಲದ ಪಟ್ಟಿ ಎಂಥ ಪಟ್ಟಿ ಎಂದು ನಮಗೆ ತೋರುವುದು ಸಹಜ. ಆದರೆ ಈ ಕಾಡುಗಳು ಉಳಿದು ಬಂದ ಬಗೆಯನ್ನು ನೋಡಿದರೆ, ಅವುಗಳ ಚರಿತ್ರೆ ಬೇರೆಯೇ ದಾರಿಯದು ಎಂಬುದು ತಿಳಿಯುತ್ತದೆ.

ಕಾಕನಕೋಟೆಯಲ್ಲಿ ಆನೆಗಳನ್ನು ಹಿಂಡಾಗಿ ಹಿಡಿಯಲು ಹೈದರಾಲಿ ಪ್ರಯತ್ನಿಸಿ ಸೋತನಂತೆ. ಇನ್ನು ಯಾರಿಗೂ ಇದು ಸಾಧ್ಯವಾಗದು, ಯತ್ನಿಸಿದವರಿಗೆ ನನ್ನ ಶಾಪ ತಟ್ಟಲಿ ಎಂದು ಅವನು ಅಲ್ಲಿ ಕಲ್ಲಿನ ಮೇಲೆ ಬರೆಸಿದ್ದನೆಂದು ಸ್ಯಾಂಡರ್ಸನ್ ಸಾಹೇಬ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಕಾಲುವೆಗಳ ಕೆಲಸಕ್ಕೆಂದು ಮೈಸೂರಿಗೆ ಬಂದ ಈ ಸ್ಯಾಂಡರ್ಸನ್ನನೇ 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ಗೆದ್ದವನು. ಮುಂದೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ತಮಟೆ, ಪಂಜು, ಕೂಗಾಟಗಳಿಂದ ದಿನಗಟ್ಟಲೆ ಹಿಂಡನ್ನು ಬೆನ್ನಟ್ಟಿ, ಕಪಿಲೆಯ ನೀರಿಗಿಳಿಸಿ, ಆಚೆ ದಡದ ಮರದ ಬೇಲಿಯೊಳಕ್ಕೆ ನುಗ್ಗಿಸುವುದು. ಆಮೇಲೆ ಪಳಗಿದ ಆನೆಗಳ ನಡುವೆ ಸಿಕ್ಕಿಸಿ ಒಂದೊಂದಕ್ಕೂ ಹಗ್ಗ ಹಾಕುವುದು. ಈ ನೋಟಕ್ಕಾಗಿ ವೈಸರಾಯರೂ ರಾಜಕುಮಾರರೂ ಬಂದರು. ಮುಂದೆ ಐದನೆಯ ಜಾರ್ಜ್ ದೊರೆಯಾದ ಯುವರಾಜನೂ 1906ರಲ್ಲಿ ಇಲ್ಲಿಗೆ ಬಂದಿದ್ದುಂಟು. ಬಂದವರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ಹೆಜ್ಜೆಯ ಜಾಡು ಹಿಡಿದು ಹಿಂಡನ್ನು ಕಂಡುಹಿಡಿದ ಕುರುಬರ ಹೆಸರುಗಳನ್ನು ಬರೆದಿಟ್ಟವರು ಕಡಮೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಇರದಿದ್ದರೆ ಪೇಟೆಯ ನಮ್ಮಂಥವರಿಗೆ ಆ ಜನರ ನೆನಪು ಎಷ್ಟು ಉಳಿಯುತ್ತಿತ್ತೋ!

ಬಂಡೀಪುರದ್ದು ಅರಮನೆಯ ಬೇಟೆಯ ಕಥೆ. ಮಹಾರಾಜರ ಬೇಟೆಗೆಂದು ಕಾಯ್ದ ಕಾಡಿನಲ್ಲಿ ಬೇರೆಯವರ ಕೊಡಲಿ ಆಡುವಂತಿರಲಿಲ್ಲ. ಕೋವಿಯೇ ಕಾಡನ್ನು ಕಾಯಿತೆಂದರೆ ವಿಚಿತ್ರವಾದರೂ ಸುಳ್ಳಲ್ಲ. 1931ರಲ್ಲಿ 90 ಚದರ ಕಿಲೋಮೀಟರಿನಷ್ಟು ಪ್ರದೇಶ ಅಭಯಾರಣ್ಯವಾಯಿತು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಬೆಳೆದು, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿ 1952ರಲ್ಲಿ ಮೊದಲ ಸಲ ಸಭೆ ಸೇರಿದ್ದೂ ಮೈಸೂರಿನಲ್ಲಿಯೇ. ಜಯಚಾಮರಾಜ ಒಡೆಯರೇ ಅದರ ಅಧ್ಯಕ್ಷರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಖೆಡ್ಡಾದ ಕಾಲ ಮಾತ್ರ ಮುಗಿಯಿತು. 1971ರದ್ದೇ ಕೊನೆಯದು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆ ಎದ್ದು, ಹಳೆಯ ಖೆಡ್ಡಾ ಬಯಲನ್ನು ಹಿನ್ನೀರು ನುಂಗಿತು. ಹಾಡಿಗಳಲ್ಲಿದ್ದ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ನೀರಿಗಾಗಿ ಒಮ್ಮೆ, ಉದ್ಯಾನಕ್ಕಾಗಿ ಮತ್ತೊಮ್ಮೆ ಎಬ್ಬಿಸಿ ಹೊರಗೆ ಕಳಿಸಲಾಯಿತು. ರಾಜರ ಬೇಟೆಯಲ್ಲಿ ಅವರಿಗೆ ಕೆಲಸವಾದರೂ ಇತ್ತು.

ಇನ್ನು ಪಟ್ಟಿಯ ಮಾತು. 1872ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ನೂರು ವರ್ಷದ ಮೇಲೆ, 1972ರಲ್ಲಿ, ವಿಶ್ವ ಪರಂಪರೆಯ ಒಪ್ಪಂದ ಹುಟ್ಟಿತು. ನಮ್ಮ ಕಾಜಿರಂಗ, ಮಾನಸ್, ಕೇವಲಾದೇವ ಉದ್ಯಾನಗಳಿಗೆ 1985ರಲ್ಲಿ ಆ ಮಾನ ದೊರೆಯಿತು. ಘಟ್ಟಗಳ ಸರದಿ ಬಂದಾಗ ಸಮಿತಿ ತೂಗಿದ್ದು ಜೀವವೈವಿಧ್ಯವನ್ನು, ಬೇರೆಲ್ಲೂ ಸಿಗದ ಗಿಡ, ಕಪ್ಪೆ, ಮೀನುಗಳನ್ನು. ಆನೆ ಹುಲಿಗಳ ಸಂಖ್ಯೆಯೊಂದೇ ಅಲ್ಲಿ ಸಾಲದು. ನಮ್ಮಲ್ಲಿ ಆಯ್ಕೆಯಾದವು ಕುದುರೆಮುಖ, ಆಗುಂಬೆ, ಸೋಮೇಶ್ವರ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮುಂತಾದ ಮಳೆಯ ಸೀಮೆಗಳು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಲ್ಲಿಸಿದ ಮೇಲೆ ಅದಕ್ಕೆ ಈ ಗೌರವ ಬಂತು.

ಸೋಜಿಗವೆಂದರೆ, ಈ ಮಾನವೇ ನಮಗೆ ಬೇಡವೆಂದು ಆಗ ವಾದಿಸಿದ್ದು ಕರ್ನಾಟಕದ ಸರ್ಕಾರ. ಅಭಿವೃದ್ಧಿಗೆ ಅಡ್ಡಿಯಾದೀತೆಂಬುದು ಅದರ ಅಂಜಿಕೆ. ಆ ಅಂಜಿಕೆ ಮಲೆನಾಡಿನ ಹಲವು ಮನೆಗಳಲ್ಲಿಯೂ ಇತ್ತು. ಹಾಡಿಯವರನ್ನು ಎಬ್ಬಿಸಿದ್ದನ್ನು ಕಂಡವರಿಗೆ ಅದು ಪೂರ್ತಿ ನಿರಾಧಾರವೆಂದು ಹೇಳಲಾಗದು. ಆದರೆ ಮೈಸೂರಿಗೆ ಆ ಕಾಡುಗಳು ದೂರದವಲ್ಲ. ತಲಕಾವೇರಿಯ ಹನಿಯೂ, ಬ್ರಹ್ಮಗಿರಿಯಿಂದ ಇರ್ಪುವಿನಲ್ಲಿ ಧುಮುಕಿ ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥವೂ ಕನ್ನಂಬಾಡಿಯಲ್ಲಿ ಕೂಡುತ್ತವೆ. ಅಲ್ಲಿಂದ ಹೊಂಗಳ್ಳಿಯ ಪಂಪುಗಳ ಮೂಲಕ ನಮ್ಮ ನಲ್ಲಿಗೆ ಬರುತ್ತವೆ. ನಾವು ನೋಡಲು ಹೋಗುವ ಕಾಡು ಒಂದು, ನೀರು ಕುಡಿಯುವ ಕಾಡು ಇನ್ನೊಂದು.

ಪಟ್ಟಿಯಲ್ಲಿ ಇಲ್ಲದಿದ್ದರೂ ಬಂಡೀಪುರಕ್ಕೆ ರಕ್ಷಣೆ ಇಲ್ಲವೆಂದಲ್ಲ. ಅದರ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೇರಳದ ಕಡೆಯವರ ದೂರು ಇನ್ನೂ ನಿಂತಿಲ್ಲ. ರಾತ್ರಿ ರಸ್ತೆ ದಾಟುವ ಜಿಂಕೆಯ ಪರವಾಗಿ ದೂರು ಕೊಡುವವರು ಯಾರು?

ಅರ್ಜುನನು 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತನು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಹಿಡಿಯುವ ಕೆಲಸಕ್ಕೆ ಹೋದಾಗ, ಒಂಟಿ ಸಲಗವೊಂದರ ಎದುರು ಕಾದಾಡಿ ಸತ್ತನು. ಹಿಡಿಸಿಕೊಂಡವನು ಹಿಡಿಯಲು ಹೋಗಿದ್ದನು. ಅವನನ್ನು ಮಣ್ಣು ಮಾಡಿದ್ದೂ ಆ ಕಾಡಿನಲ್ಲಿಯೇ.