ಅಟ್ಟದ ಮೇಲಿನ ನಾದ

1961ರಲ್ಲಿ ನ್ಯೂಯಾರ್ಕಿನ ವಿಲೇಜ್ ಗೇಟ್‌ನಲ್ಲಿ ಜಾನ್ ಕೋಲ್ಟ್ರೇನ್ ನುಡಿಸಿದ ಜಾಝ್ 2023ರಲ್ಲಿ ಬಿಡುಗಡೆಯಾಯಿತು. ಧ್ವನಿವ್ಯವಸ್ಥೆಯ ಪರೀಕ್ಷೆಗೆಂದು ತಂತ್ರಜ್ಞನೊಬ್ಬ ಒಂದೇ ಮೈಕಿನಿಂದ ಮುದ್ರಿಸಿದ್ದ ಆ ಟೇಪು ಕಳೆದುಹೋಗಿ, ಕೊನೆಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ದೊರೆಯಿತು.

ಸರೋಜಿನಿ ನಗರದ ಸರ್ಕಾರಿ ವಸತಿಗೃಹದಲ್ಲಿ ಅದನ್ನು ಆಲಿಸುವಾಗ ಬೆಂಗಳೂರು ನೆನಪಾಯಿತು. ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿಯವರ ಗಾಯನದೊಡನೆ, ಬಾಸ್ಟನ್ ಮೂಲದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ಯನ್ನು ಮುದ್ರಿಸಿತು. ಜರ್ಮನಿಯ ಇಸಿಎಂ ಸಂಸ್ಥೆ ಪ್ರಕಟಿಸಿದ್ದರಿಂದ ಅದು ನಮಗೆ ಉಳಿದಿದೆ. ಪ್ರಕಟವಾಗದೆ ಹೋದ ಕಛೇರಿಗಳ ಗತಿಯೇನು?

ರಾಮನವಮಿಯ ಪೆಂಡಾಲುಗಳಲ್ಲಿ ತಂದೆಯವರು ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟುಗಳನ್ನು ಊರಿನ ಅಟ್ಟದಲ್ಲಿಯೇ ಬಿಟ್ಟು ದೆಹಲಿಗೆ ಬಂದವನು ನಾನು. ಆ ಗ್ರಂಥಾಲಯ ಟೇಪನ್ನು ಎಸೆಯದೆ ಇಟ್ಟುಕೊಂಡಿತ್ತು; ಅರುವತ್ತೆರಡು ವರ್ಷಗಳ ಬಳಿಕ ಅದೇ ಇತಿಹಾಸವಾಯಿತು. ಬೂಷ್ಟು ಹಿಡಿದ ಟೇಪು ಅಷ್ಟು ಕಾಲ ಕಾಯುವುದಿಲ್ಲ. ಈ ಸಲದ ರಜೆಯಲ್ಲಿ ಅಟ್ಟ ಹತ್ತಬೇಕು.